ಬಶೀರ್ ಸಾಬರು ಬಿಡದ ಫೈಲು

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಗಿವ್ವ ಎಂದರೆ ನಕ್ಕುಬಿಡುವವಳು ನಾನು. ಜಂಗಮಕೋಟೆಯ ನಮ್ಮ ಮನೆಯಲ್ಲಿ ರೇಷ್ಮೆಹುಳುವಿಗೆ ರೋಗ ಬಂದರೂ ದೃಷ್ಟಿ ತೆಗೆಯುತ್ತಾರೆ. ಮೊದಲು ಹುಳುಮನೆ ಸರಿಯಾಗಿ ತೊಳೆಯಿರಿ ಎಂದು ಗದರುವವಳು ನಾನೊಬ್ಬಳೇ. ಇಂಥ ನನಗೇ ಆದದ್ದು ಇದು. ನೀವು ನಂಬಲೇಬೇಕೆಂದು ಹಟವಿಲ್ಲ.

ಶಿಡ್ಲಘಟ್ಟದ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ನನ್ನದು ಕನ್ನಡ ಟೈಪಿಂಗ್. ಪ್ಲೈವುಡ್ ಗೋಡೆಯ ಆಚೆ ಉರ್ದು ಕೆಲಸ ಬಶೀರ್ ಸಾಬರದು. ನಮ್ಮಿಬ್ಬರ ಕಂಪ್ಯೂಟರಿಗೂ ಸೇರಿ ಒಂದೇ ಡ್ರೈವು. ಒಬ್ಬರು ತೆರೆದ ಫೈಲು ಅವರು ಮುಚ್ಚುವ ತನಕ ಇನ್ನೊಬ್ಬರಿಗೆ ಸಿಗುವುದಿಲ್ಲ. ಹಾಗಾಗಿ "ಸಾಬ್ರೇ, ಫೈಲ್ ಬಿಡಿ" ಎಂದು ದಿನಕ್ಕೆ ಹತ್ತು ಸಲ ಕೂಗುವುದೇ ನನ್ನ ಪಾಡು. ಆಸಾಮಿ ಒಂದೇ ಕೂಗಿಗೆ ಬಿಟ್ಟವರಲ್ಲ. "ಇರಮ್ಮ, ಒಂದ್ ನಿಮಿಷ" ಎಂದರೆ ಅವರ ಲೋಟದ ಚಹಾ ಪೂರ್ತಿ ಮುಗಿಯಬೇಕು. ಆಮೇಲೆ ಗೋಡೆ ತಟ್ಟಿ "ಬಿಟ್ಟೆ ಕಣಮ್ಮ" ಎನ್ನುತ್ತಿದ್ದರು. ಹನ್ನೊಂದು ವರ್ಷ ಹೀಗೇ ಜಗಳವಾಡಿದೆವು. ಆ ಮನುಷ್ಯನನ್ನು ಕಂಡರೆ ನನಗೆ ತುಂಬ ಪ್ರೀತಿ.

ಮಗಳು ನಸ್ರೀನಳ ಮದುವೆ ಗೊತ್ತಾದಾಗ ಸಾಬರು ಕಂಪ್ಯೂಟರ್ ಅಕ್ಷರ ಬೇಡವೆಂದರು. ಅವಳ ಹೆಸರನ್ನೂ ಪತ್ರಿಕೆಯ ತಲೆಗೆ ಹಾಕುವ ದುವಾ, ಅಂದರೆ ಪ್ರಾರ್ಥನೆಯ ಸಾಲನ್ನೂ ಬಿದಿರಿನ ಲೇಖನಿಯಲ್ಲಿ ತಾವೇ ಬರೆದು, ಚಿಂತಾಮಣಿಯಲ್ಲಿ ಸ್ಕ್ಯಾನ್ ಮಾಡಿಸಿದರು. ಮೇಲ್‌ನಲ್ಲಿ ಬಂದದ್ದನ್ನು ಡೌನ್‌ಲೋಡ್ ಮಾಡಿ ಡ್ರೈವಿಗೆ ಹಾಕಿದರು. ಆ ವಾರವೇ ಎದೆನೋವು ಬಂದು ಹೋಗಿಬಿಟ್ಟರು. ಮದುವೆ ಮಾತ್ರ ನಿಲ್ಲಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ.

ನಲವತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಸ್ರೀನ್ ಬಂದಳು. ಅವರು ಬರೆದ ಕಾಗದ ಮನೆಯಲ್ಲಿ ಸಿಕ್ಕಿರಲಿಲ್ಲ, ಮೇಲ್‌ನ ಪಾಸ್‌ವರ್ಡ್ ಅವರ ಜೊತೆಗೇ ಹೋಗಿತ್ತು. ಉಳಿದಿದ್ದು ಡ್ರೈವಿನ ಆ ಒಂದು ಫೈಲು. ಅಂದು ಸಂಜೆಯೇ ಲಗ್ನಪತ್ರಿಕೆ ಅಚ್ಚಿಗೆ ಹೋಗಲೇಬೇಕಿತ್ತು.

"ನಮ್ ಅಬ್ಬಾ ಅವ್ರ ಅಕ್ಷರ ಇದ್ರೆ ಅವ್ರೇ ನಿಂತು ಎಲ್ರನ್ನೂ ಮದ್ವೆಗೆ ಕರ್ದಂಗಿರ್ತದೆ ಅಕ್ಕ," ಎಂದಳು.

ತೆರೆಯಲು ಹೋದರೆ, ಈ ಫೈಲನ್ನು ಬಶೀರ್ ಬಳಸುತ್ತಿದ್ದಾರೆ ಎಂದು ಬಂತು. ಎದ್ದು ಹೋಗಿ ನೋಡಿದೆ. ಅವರ ಕಂಪ್ಯೂಟರಿನ ಪ್ಲಗ್ ಕಿತ್ತು, ಬಟ್ಟೆ ಮುಚ್ಚಿದ್ದು ಹಾಗೇ ಇತ್ತು. ಕಾಪಿ ಮಾಡಲು ನೋಡಿದೆ, ಅನುಮತಿಯಿಲ್ಲ ಎಂದಿತು. ಡ್ರೈವನ್ನು ಆರಿಸಿ ಮತ್ತೆ ಹಾಕಿದೆ, ವೈಫೈ ಡಬ್ಬಿಯನ್ನೂ ಆರಿಸಿ ಮತ್ತೆ ಹಾಕಿದೆ. ಚಿಕ್ಕಬಳ್ಳಾಪುರದ ರಿಪೇರಿಯವರಿಗೆ ಫೋನ್ ಮಾಡಿದೆ. ಹಳೇ ಲಾಗಿನ್ ಎಲ್ಲೋ ಸಿಕ್ಕಿಕೊಂಡಿದೆ ಎಂದು ಅವರು ಅಲ್ಲಿಂದಲೇ ಬಶೀರ್ ಎಂಬ ಹೆಸರನ್ನು ಅಳಿಸಿಹಾಕಿದರು. ಆದರೂ ಅದೇ ಹೆಸರು ಬಂತು.

ಎರಡು ಗಂಟೆ ಒದ್ದಾಡಿ ಸೋತೆ. ಕಂಪ್ಯೂಟರ್ ಅಕ್ಷರದಲ್ಲೇ ಮಾಡೋಣವೇ ಎಂದು ನಸ್ರೀನಳನ್ನು ಕೇಳಿದೆ. ಅವಳು ಆಯಿತು ಎಂದು ತಲೆಯಾಡಿಸಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ. ಯೋಚಿಸಿ ಮಾಡಿದ್ದಲ್ಲ, ಹನ್ನೊಂದು ವರ್ಷದ ರೂಢಿ ಬಾಯಿಗೆ ಬಂತು.

"ಸಾಬ್ರೇ, ಫೈಲ್ ಬಿಡಿ. ನಸ್ರೀನ್ ಬಂದವ್ಳೆ."

ಗೋಡೆ ತಟ್ಟಿದ ಸದ್ದೇನೂ ಕೇಳಲಿಲ್ಲ, ಸುಳ್ಳು ಹೇಳಲಾರೆ. ಆದರೆ ಮತ್ತೆ ಒತ್ತಿದಾಗ ಫೈಲು ತೆರೆಯಿತು. ಕಪ್ಪು ಶಾಯಿಯ ದಪ್ಪ ಬಾಗು ಅಕ್ಷರಗಳು ಪರದೆ ತುಂಬ ನಿಂತವು. ನಸ್ರೀನ್ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದಳು. ಸಂಜೆಗೆ ಪತ್ರಿಕೆ ಅಚ್ಚಾಯಿತು.

ಕೆಲವು ಸಲ ಹೊತ್ತಾದ ಮೇಲೆ ತಾನಾಗಿಯೇ ಬಿಡುತ್ತದೆ ಎನ್ನುತ್ತಾರೆ ರಿಪೇರಿಯವರು. ಇರಬಹುದು. ಒಂದು ಕೊರಗು ಮಾತ್ರ ಹೋಗಿಲ್ಲ. ಬದುಕಿದ್ದಾಗ ಒಂದೇ ಕೂಗಿಗೆ ಬಿಡದವರು ಅಂದು ಒಂದೇ ಕೂಗಿಗೆ ಬಿಟ್ಟುಬಿಟ್ಟರು. ಫೈಲು ಬಿಟ್ಟು ಹೊರಟೇಬಿಡುತ್ತಾರೆಂದು ಗೊತ್ತಿದ್ದಿದ್ದರೆ, ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತಾದರೂ ನಾನು ಕೂಗದೆ ಕೂತಿರುತ್ತಿದ್ದೆ.