ರೂತತ್ತಿಯ ದ್ರಾಕ್ಷಿ ಭರಣಿ

ಒಣದ್ರಾಕ್ಷಿಯನ್ನು ಬೆಚ್ಚಗಿನ ನೀರಿಗೆ ಹಾಕಿಟ್ಟು, ಸಂಜೆ ಭರಣಿಯ ಮುಚ್ಚಳ ತೆಗೆದರೆ ಒಂದು ವಾಸನೆ ಏಳುತ್ತದೆ. ಸಿಹಿ ಹೌದು, ಆದರೆ ಬರೀ ಸಿಹಿಯಲ್ಲ. ಒಳಗೆ ಸಣ್ಣಗೆ ಹುಳಿ, ನೆಂದ ಗೋಣಿಚೀಲ ಬಿಸಿಲಿಗೆ ಬಿದ್ದಾಗಿನಂಥ ಘಮ. ಬೈಲಹೊಂಗಲದ ಈ ಮನೆಯಲ್ಲಿ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಸವದತ್ತಿ ಹಾದಿಯ ಸಣ್ಣ ಊರಿನ ನಮ್ಮ ಮಣ್ಣಿನ ಮಾಳಿಗೆ ಮನೆ ಎದ್ದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಅಲ್ಲಿ ಯಾರೋ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಅಡುಗೆಮನೆ ಗೋಡೆಯಲ್ಲಿ ಒಂದು ಗೂಡಿತ್ತು, ಅದರೊಳಗೆ ಬಿಳಿ ಚೀನಿ ಭರಣಿ. ಮೂರು ತಿಂಗಳಿಗೊಮ್ಮೆ ನಮ್ಮ ಚರ್ಚಿನಲ್ಲಿ ಕರ್ತನ ಭೋಜನ. ಅದರ ದ್ರಾಕ್ಷಾರಸಕ್ಕೆ ದ್ರಾಕ್ಷಿ ನೆನೆಯುತ್ತಿದ್ದದ್ದು ಆ ಭರಣಿಯಲ್ಲಿ, ಯಾಕೆಂದರೆ ನಮ್ಮಜ್ಜ ಸಭೆಯ ಹಿರಿಯ. ಭಾನುವಾರ ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಹಿಂಡಿ ರಸ ತೆಗೆದು, ಉಳಿದ ಸಿಪ್ಪೆಯನ್ನು ಮಕ್ಕಳಿಗೆ ಹಂಚುತ್ತಿದ್ದರು. ಆ ವಯಸ್ಸಿನಲ್ಲಿ ನನಗೆ ಕರ್ತನ ಭೋಜನ ಅಂದರೆ ಆ ಸಿಪ್ಪೆ.

ದ್ರಾಕ್ಷಿ ನೆನೆಹಾಕುತ್ತಿದ್ದವಳು ರೂತತ್ತಿ, ನನ್ನಪ್ಪನ ಅಕ್ಕ. ಗಂಡ ತೀರಿದ ಮೇಲೆ ಕೂಸಿನ ಸಮೇತ ತವರಿಗೆ ಬಂದಿದ್ದಳು. ನನ್ನ ಹೆತ್ತವ್ವ ದಿನವಿಡೀ ಹೊಲದಲ್ಲಿರುತ್ತಿದ್ದಳು. ನನ್ನ ಮೈ ತಿಕ್ಕಿ, ಹೇನು ಹೆಕ್ಕಿ, ಜಡೆ ಹಾಕಿ ಬೆಳೆಸಿದವಳು ಈ ಅತ್ತಿ. ಅವಳ ಕೂಸಿಗೆ ಜ್ವರ ಬಂದು ಇಳಿಯದಾದಾಗ ಅವಳು ಯಾರಿಗೂ ಹೇಳದೆ ಎಲ್ಲಮ್ಮನ ಗುಡ್ಡಕ್ಕೆ ನಡೆದುಹೋಗಿ ಹರಕೆ ಹೊತ್ತು ಬಂದಳು. ಕೂಸು ಉಳಿಯಲಿಲ್ಲ. ಸುದ್ದಿ ಸಭೆಗೆ ಮುಟ್ಟಿತು. ನಮ್ಮ ನಂಬಿಕೆ ಬಿಟ್ಟು ನಡೆದಳೆಂದು ಅವಳನ್ನು ಕರ್ತನ ಭೋಜನದಿಂದ ಎರಡು ವರ್ಷ ದೂರ ಇಟ್ಟು, ಚರ್ಚಿನ ಕೊನೆಯ ಬೆಂಚಿಗೆ, ಹಿಂದಿನ ಬಾಕಿಗೆ, ಕೂಡಿಸಿದರು. ಆ ತೀರ್ಮಾನ ಹೇಳಿದವನು ನಮ್ಮಜ್ಜನೇ, ಸ್ವಂತ ಮಗಳಿಗೆ. ತನ್ನ ಬಾಯಿಗೆ ಬೀಳದ ರಸಕ್ಕೆ ಅವಳು ಎರಡು ವರ್ಷ ದ್ರಾಕ್ಷಿ ನೆನೆಸಿದಳು, ಒಂದು ಸಲವೂ ಗೊಣಗದೆ.

ಎರಡು ವರ್ಷ ಮುಗಿಯುವ ಭಾನುವಾರ ಬಂತು. ಹಿಂದಿನ ದಿನ ಮಧ್ಯಾಹ್ನ ಅತ್ತಿ ತನ್ನ ಒಂದೇ ಒಂದು ಒಳ್ಳೆಯ ಸೀರೆ ಒಗೆದು ಒಣಹಾಕಲು ಮಾಳಿಗೆ ಹತ್ತಿದ್ದಳು. ಮನೆಯಲ್ಲಿ ನಾನು ಮತ್ತು ಆ ವಾಸನೆ. ಒಂದು ತಿಂದೆ. ಉಬ್ಬಿ ಮೆತ್ತಗಾದ ದ್ರಾಕ್ಷಿ ಹಲ್ಲಿಗೆ ಸಿಕ್ಕ ಕೂಡಲೇ ಒಡೆಯಿತು. ಆಮೇಲೆ ಲೆಕ್ಕ ಉಳಿಯಲಿಲ್ಲ. ಮಾಳಿಗೆ ಇಳಿಯುವ ಹೆಜ್ಜೆ ಕೇಳಿದಾಗ ಕೈಯಲ್ಲಿದ್ದದ್ದನ್ನು ಅಂಗಿಯ ಕಿಸೆಗೆ ತುಂಬಿ, ಮುಚ್ಚಳ ಹಾಕಿ ಓಡಿದೆ.

ಮರುದಿನ ಬೆಳಿಗ್ಗೆ ಅಜ್ಜ ಮುಚ್ಚಳ ತೆಗೆದ. ಒಳಗೆ ತಿಳಿ ನೀರು, ತಳದಲ್ಲಿ ನಾಲ್ಕು ದ್ರಾಕ್ಷಿ.

"ಎರಡು ವರ್ಷ ತಡದಾಕಿ, ಒಂದು ದಿನ ತಡಕೊಳ್ಳಾಕ ಆಗಲಿಲ್ಲೇನು ನಿನಗ?"

"ನಾ ಮುಟ್ಟಿಲ್ಲಪ್ಪಾ," ಎಂದಳು ಅತ್ತಿ.

"ಹಂಗಾರ ಇಲಿ ಬಂದು, ಮುಚ್ಚಳ ತಗದು, ತಿಂದು, ತಿರುಗಿ ಮುಚ್ಚಳ ಹಾಕಿ ಹೋತೇನು?"

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅವತ್ತು ಸಭೆಗೆ ಆ ತಿಳಿ ನೀರನ್ನೇ ಹಂಚಿದರು. ಅತ್ತಿ ಒಗೆದ ಸೀರೆ ಉಟ್ಟುಕೊಂಡೇ ಹಿಂದಿನ ಬಾಕಿನಲ್ಲಿ ಕೂತಳು. ಮುಂದಿನ ಭೋಜನದ ತನಕ ಇನ್ನೂ ಮೂರು ತಿಂಗಳು, ಅದೂ ಆಗ ನೋಡೋಣ ಎಂದ ಅಜ್ಜ.

ಆ ಮೂರು ತಿಂಗಳು ನನಗೆ ಉಂಡದ್ದು ಮೈಗೆ ಹತ್ತಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ಉಂಡೆ, ಆಡಿದೆ, ಮಲಗಿದೆ. ಅತ್ತಿ ಜಡೆಯನ್ನು ಸ್ವಲ್ಪ ಬಿಗಿ ಹೆಣೆಯುತ್ತಿದ್ದಾಳೆ ಅಂತ ಮಾತ್ರ ಅನ್ನಿಸುತ್ತಿತ್ತು. ಮುಂದಿನ ಭೋಜನದ ಶನಿವಾರ ಮಾತ್ರ ನನಗೆ ತಡೆಯಲಾಗಲಿಲ್ಲ. ದ್ರಾಕ್ಷಿ ನೆನೆಸುವ ಕೆಲಸವನ್ನು ಬೇರೆ ಮನೆಗೆ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ವಾಸನೆಯೇ ಇರಲಿಲ್ಲ. ಒಳಗೆ ಹೋದರೆ ಅತ್ತಿ ಒದ್ದೆ ಬಟ್ಟೆ ಹಿಡಿದು ಆ ಖಾಲಿ ಗೂಡನ್ನು ಒರೆಸುತ್ತಿದ್ದಳು. ಒರೆಸಿ, ಭರಣಿಯನ್ನು ತಿರುಗಿ ಒಳಗಿಟ್ಟು, ನೆಟ್ಟಗೆ ಮಾಡಿದಳು.

ಮರುದಿನ ಅಯ್ಯನವರು, ಅಂದರೆ ನಮ್ಮ ಬೋಧಕರು, ರೊಟ್ಟಿ ರಸದ ತಾಟು ಎತ್ತುವ ಮೊದಲು ಯಾವಾಗಲೂ ಕೇಳುವ ಮಾತು ಕೇಳಿದರು: "ಯಾರ ಮನಸಿನ್ಯಾಗರ ಏನರ ಇದ್ರ ಈಗs ಹೇಳಿ ಹಗುರ ಆಗ್ರಿ." ಯಾರೂ ಏಳುವುದಿಲ್ಲ, ಅದು ರೂಢಿ. ನಾನು ಎದ್ದೆ.

"ಕುಂದ್ರು ಹುಡುಗಿ, ಹೊರಗ ಹೋಗೂದಿದ್ರ ಸುಮ್ಮನ ಹೋಗು," ಎಂದ ಅಜ್ಜ.

"ಹೊರಗ ಹೋಗೂದಲ್ಲ. ದ್ರಾಕ್ಷಿ ನಾ ತಿಂದೇನಿ."

"ಯಾವ ದ್ರಾಕ್ಷಿ?"

"ಹೋದ ಸಲದ್ದು. ಅತ್ತಿ ಒಂದೂ ತಿಂದಿಲ್ಲ."

ಹೆಂಗಸರ ಕಡೆ ಯಾರೋ ನಕ್ಕರು. ಅಜ್ಜ ಎದ್ದ. ನನಗೆ ಹೊಡೆಯಲು ಬರುತ್ತಾನೆ ಅಂದುಕೊಂಡೆ. ಅವನು ನನ್ನನ್ನು ದಾಟಿ, ಕೋಲು ಊರುತ್ತ ಹಿಂದಿನ ಬಾಕಿನ ತನಕ ನಡೆದ. "ಏಳವ್ವಾ," ಎಂದ ಮಗಳಿಗೆ. "ಮುಂದ ಹೋಗು." ಅವಳು ಎದ್ದ ಜಾಗದಲ್ಲಿ ತಾನು ಕೂತುಬಿಟ್ಟ. ಅಯ್ಯನವರು ಎರಡು ಸಲ ಕರೆದರು. "ಇವತ್ತ ನನಗ ಬ್ಯಾಡ್ರಿ," ಎಂದು ನೆಲ ನೋಡಿದ.

ರೂತತ್ತಿ ಮುಂದೆ ಹೋಗಿ ನಿಂತಳು. ಎರಡು ವರ್ಷ ಮೂರು ತಿಂಗಳ ಮೇಲೆ ರೊಟ್ಟಿಯ ತುಣುಕು ಅವಳ ಮುಂದೆ ಬಂತು. ಅವಳು ಕೈ ಚಾಚಲಿಲ್ಲ. "ಅಪ್ಪಗ ಮೊಣಕಾಲ ನೋವು ಐತ್ರಿ ಅಯ್ಯನೋರ," ಎಂದಳು, ಅಡುಗೆಮನೆಯಲ್ಲಿ ಮಾತಾಡಿದ ಹಾಗೆ. "ಮತ್ತ ಇಲ್ಲಿತನಕ ಬರಾಕ ಆಗಂಗಿಲ್ಲ. ತಾಟ ಅಲ್ಲಿಗೇ ಒಯ್ಯೂಣು ಬರ್ರಿ. ನಾನೂ ಅಲ್ಲೇ ತಗೋತೇನಿ."

ಹಿಂದಿನ ಬಾಕಿನಲ್ಲಿ ಅಪ್ಪ ಮಗಳು ಇಬ್ಬರೂ ತೆಗೆದುಕೊಂಡರು. ಅಜ್ಜ ಕುಡಿಯುವಾಗ ರಸ ಗಡ್ಡದ ಮೇಲೆ ಬಿತ್ತು. ಅತ್ತಿ ಸೆರಗಿನಿಂದ ಒರೆಸಿದಳು. ತಪ್ಪಾಯಿತು ಅಂತ ಅಜ್ಜ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಮುಂದಿನ ಭೋಜನದ ಹೊತ್ತಿಗೆ ದ್ರಾಕ್ಷಿಯ ಪೊಟ್ಟಣ ತಂದು ಅವಳ ಮುಂದಿಟ್ಟು, "ನೆನಿಹಾಕು" ಎಂದದ್ದು ಗೊತ್ತು.

ತಪ್ಪು ಒಪ್ಪಿಕೊಂಡ ಆ ಭಾನುವಾರ ಮನೆಗೆ ಬಂದ ಮೇಲೆ ನಾನು ಮೂಲೆ ಹಿಡಿದು ಕೂತಿದ್ದೆ. ಅತ್ತಿ ಈ ಸಲ ದ್ರಾಕ್ಷಿ ನೆನೆಸಿದ್ದ ಆ ಇನ್ನೊಂದು ಮನೆಗೆ ಹೋಗಿ, ಹಿಂಡಿದ ಸಿಪ್ಪೆ ಒಂದು ಹಿಡಿ ಕೇಳಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

"ತಗೋ. ನಿನ್ನ ಪಾಲು."

"ನನಗ ಬ್ಯಾಡ."

"ಕದ್ದು ತಿನ್ನೂವಾಗ ಬೇಕಿತ್ತು, ಕೊಟ್ರ ಬ್ಯಾಡೇನು? ಕಿಸೆದಾಗ ತುಂಬಿದ್ದಿ ಅಲ್ಲ, ಆ ಅಂಗಿ ಒಗದಾಕಿ ನಾನs. ಮರುದಿನಾನs ಗೊತ್ತಾಗೇತಿ."

"ಮತ್ತ ಯಾಕ ಹೇಳಲಿಲ್ಲ?"

"ಹಿಂದಿನ ಬಾಕಿನ್ಯಾಗ ಕುಂತು ನನಗ ರೂಢಿ ಆಗಿತ್ತು. ನೀ ಇನ್ನೂ ಸಣ್ಣಾಕಿ, ಅಲ್ಲಿ ಸೊಳ್ಳಿ ಭಾಳ." ಇಷ್ಟು ಹೇಳಿ ನನ್ನ ಜಡೆ ಬಿಚ್ಚಿ ತಿರುಗಿ ಹಾಕಿದಳು. ಈ ಸಲ ಬಿಗಿ ಇರಲಿಲ್ಲ.

ಅಜ್ಜ ಹೋದ, ಅತ್ತಿ ಹೋದಳು. ಮನೆ ಬಿತ್ತು. ಆ ಮೇಲೆ ನಾನು ಮಾಡಿದ ತಪ್ಪುಗಳ ಮುಂದೆ ದ್ರಾಕ್ಷಿ ಏನೂ ಅಲ್ಲ. ಅವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಪ್ರತಿ ಸಲ ಎದ್ದು ನಿಂತು ಹೇಳುವುದಕ್ಕೆ ಧೈರ್ಯ ಬಂದದ್ದು ಆ ತಾಟು ಹಿಂದಿನ ಬಾಕಿಗೆ ನಡೆದು ಹೋದದ್ದನ್ನು ಕಂಡಿದ್ದರಿಂದ. ಭರಣಿ ನನ್ನ ಪಾಲಿಗೆ ಬಂತು. ಅಂಚು ಒಡೆದಿದೆ, ಸೋರುವುದಿಲ್ಲ. ಇಲ್ಲಿಯ ಸಭೆಗೆ ಈಗ ದ್ರಾಕ್ಷಿ ನೆನೆಸುವವಳು ನಾನು. ಬೇಕಾದದ್ದಕ್ಕಿಂತ ಎರಡು ಹಿಡಿ ಹೆಚ್ಚು ಹಾಕಿ, ಓಣಿಯ ಮಕ್ಕಳ ಕೈಗೆ ನಿಲುಕುವ ಹಾಗೆ ಇಟ್ಟು, ಸೀರೆ ಒಣಹಾಕಲು ಮಾಳಿಗೆ ಹತ್ತುತ್ತೇನೆ. ಇಳಿಯುವಾಗ ಒಂದು ಸಲ ಕೆಮ್ಮುತ್ತೇನೆ.