ತೌಡಿಗೆ ಸಲ್ಲಬೇಕಾದ ದೂರು

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನ ಜೀವನ ನಡೆದದ್ದು ಹಂದಿಗೂಡಿನಿಂದ. ತಾಳಗುಂದದ ಹತ್ತಿರದ ನಮ್ಮ ಊರಿಗೆ ಶಿಕಾರಿಪುರದ ಅಕ್ಕಿ ಗಿರಣಿಯಿಂದ ತೌಡು ಬರುತ್ತಿತ್ತು. ಅದಕ್ಕೆ ಮೆಕ್ಕೆಜೋಳದ ನುಚ್ಚು ಬೆರೆಸಿ ಹಾಕುತ್ತಿದ್ದೆ. ಒಂದು ಸಲ ಹಾಲು ಬಿಟ್ಟ ಎಂಟು ಮರಿಗಳು ಬೆಳೆಯಲೇ ಇಲ್ಲ. ಹೊಟ್ಟೆ ಗುಡಾಣ, ಬೆನ್ನು ಕತ್ತಿಯ ಅಲಗು.

ನಮ್ಮಲ್ಲಿ ಹಾಲು ಬಿಟ್ಟ ಮರಿಗೆ ಮೊದಲ ಕೂಳನ್ನು ಮುತ್ತೈದೆಯ ಕೈಯಲ್ಲಿ ಹಾಕಿಸುವ ವಾಡಿಕೆ. ನಾನು ಹಾಕಿದ್ದೆ. ಮೈದುನ ಅದನ್ನೇ ಹಿಡಿದ.

"ಕೈಗುಣ ಅತ್ತಿಗೆ, ಕೈಗುಣ. ಇನ್ಮುಂದೆ ನನ್ನ ಹೆಂಡ್ತಿ ಹಾಕ್ತಾಳೆ. ನೀವು ಆ ಕಡೆ ಬರಬ್ಯಾಡ್ರಿ."

ನಾಲ್ಕು ಜನರ ಮುಂದೆ ಬಾಯಿ ತೆರೆದು ಗೊತ್ತಿಲ್ಲದವಳು ನಾನು. ತೌಡಿನ ಬುಟ್ಟಿ ಅವನ ಹೆಂಡತಿಗೆ ಕೊಟ್ಟೆ. ಅವಳು ಒಂದು ತಿಂಗಳು ಹಾಕಿದಳು. ಮರಿಗಳು ಹಾಗೇ ಇದ್ದವು. ಆಗ ನನ್ನ ಕಣ್ಣು ಬಿದ್ದಿದೆ ಎಂದರು. ಗೂಡನ್ನು ತನಗೇ ಬಿಟ್ಟುಬಿಡಿ ಎಂದ ಮೈದುನ.

ಅಷ್ಟರಲ್ಲಿ ಹಂದಿಗಳಿಗೆ ಲಸಿಕೆ ಹಾಕಲು ದನದ ಡಾಕ್ಟರಮ್ಮ ಬಂದರು. ಮರಿಯ ಬೆನ್ನು ಸವರಿ, "ಏನ್ ಹಾಕ್ತೀರಿ?" ಎಂದು ಕೇಳಿದರು.

"ತೌಡು, ನುಚ್ಚು ರೀ. ಹೊಟ್ಟೆ ಬಿರಿಯೋಷ್ಟು," ಎಂದ ಮೈದುನ.

"ಹೊಟ್ಟೆ ತುಂಬಿದೆ, ಮಾಂಸ ಕಟ್ಟೋಕೆ ಸಾಮಾನಿಲ್ಲ. ಮೈ ಬೆಳೆಯೋಕೆ ಅಮೈನೋ ಆಮ್ಲ ಅಂತ ಹಲವು ಥರದವು ಬೇಕು. ಅದರಲ್ಲಿ ಲೈಸಿನ್ ಅನ್ನೋದು ತೌಡು, ಜೋಳದಲ್ಲಿ ಸಾಲದು. ಅದೊಂದು ಕಮ್ಮಿಯಾದ್ರೆ ಉಳಿದವೂ ಕೆಲಸಕ್ಕೆ ಬರಲ್ಲ, ಮೂತ್ರದಲ್ಲಿ ಹೋಗ್ತವೆ."

"ತೌಡೇ ಇನ್ನೆರಡು ಬೊಗಸೆ ಜಾಸ್ತಿ ಹಾಕಿದ್ರೆ?"

"ಕೊಬ್ಬು ಬರ್ತದೆ ಅಷ್ಟೆ. ಸೋಯಾ ಹಿಂಡಿ ಬೆರೆಸಿ. ಬೇಯಿಸಿದ ಹುರಳಿನೂ ಸ್ವಲ್ಪ ಕೊಡಿ."

"ಹುರಳಿ ಎತ್ತಿಗೆ ಹಾಕೋದು ರೀ. ಹಂದಿಗ್ಯಾಕೆ ಹಬ್ಬದೂಟ?"

"ಯಾಕೆ, ಹಂದಿ ಏನ್ ಪಾಪ ಮಾಡಿದೆ?"

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಮೈ ಉರಿಯಿತು. ನನ್ನ ಕೈ ನೋಡಿದವರು, ಕಣ್ಣು ನೋಡಿದವರು, ಕುಂಕುಮವಿಲ್ಲದ ಹಣೆ ನೋಡಿದವರು ಎಷ್ಟು ಜನ! ಕೂಳಿನ ಬಾನಿಯೊಳಗೆ ಏನಿದೆ ಎಂದು ಒಬ್ಬರಾದರೂ ಬಗ್ಗಿ ನೋಡಿದ್ದರೇ? ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೇ ಬಂತು. ಅವರ ಮಾತು ನಂಬಿ, ತಾಯಿಹಂದಿಯನ್ನು ಮುಟ್ಟುವ ಮೊದಲು ಕೈಯ ದೋಷ ಹೋಗಲಿ ಎಂದು ನಾನೂ ಅರಿಸಿನ ನೀರಲ್ಲಿ ಕೈ ತೊಳೆದುಕೊಂಡಿದ್ದೆ.

ಸೋಯಾ ಹಿಂಡಿ ತಂದ ದಿನ ಮೈದುನ ಹೆಂಡತಿಯನ್ನು ಕೂಗಿದ. ನಾನು ಅಡ್ಡ ನಿಂತೆ. ಹಿಂಡಿಯ ಚೀಲ ನನ್ನ ಕಡೆ ಎಳೆದುಕೊಂಡೆ.

"ನಾನೇ ಹಾಕ್ತೀನಿ. ಅವಳು ಹಾಕಿ ಮರಿ ಬೆಳೆದ್ರೆ ಅವಳ ಕೈಗುಣ ಅಂತೀಯ."

"ಬೆಳೀದಿದ್ರೆ?"

"ಗೂಡು ನಿಂದು."

ಎರಡು ತಿಂಗಳಲ್ಲಿ ಎಂಟೂ ಮರಿಗಳು ಬೆನ್ನು ತುಂಬಿ ದುಂಡಗಾದವು. ಗೂಡು ಇಂದಿಗೂ ನನ್ನದೇ. ಆದರೆ ಯಾರಾದರೂ ಹಂದಿ ನೋಡಲು ಬಂದರೆ ಮೈದುನ ಈಗಲೂ ಮುಂದೆ ಬಂದು ಹೇಳುತ್ತಾನೆ: "ಆ ವರ್ಷದ ಲಸಿಕೆ ಭಾಳ ಚಲೋ ಇತ್ತು ನೋಡ್ರಿ."