ನಿಂಗವ್ವನ ಮಾತು, ನನ್ನ ಬಾಯಿ

ಗೆಳತಿಯರೇ, ನಾಟಿ ಚಿಕಿತ್ಸೆ ನಿಲ್ಲಿಸಿ ಎಂದು ಇಂದು ಜಗಳವಾಡಲೆಂದೇ ಪಕ್ಕದ ಮನೆಗೆ ಹೋದೆ. ಅಲ್ಲಿನ ಒಂಬತ್ತು ದಿನದ ಮಗುವಿಗೆ ಮೊಲೆ ಹಿಡಿಯಲಾಗುತ್ತಿಲ್ಲ. ಮಗುವಿಗೆ ನೀರು ಹಾಕುವ ನಿಂಗವ್ವ ಅದರ ಕತ್ತು, ದವಡೆಗಳನ್ನು ಮೆಲ್ಲಗೆ ನೀವುತ್ತಿದ್ದಳು.

“ಹೀಗೆ ತಿಕ್ಕಿದ್ರೆ ಮಗು ಮೊಲೆ ಹಿಡಿಯುತ್ತಾ?” ಎಂದೆ.

ಅವಳು ಮಗುವಿನ ನಾಲಿಗೆ ಎತ್ತಿ ತೋರಿಸಿದಳು. “ಅಡೀಲಿ ದಾರ ಕಟ್ದಂಗೈತೆ, ನೋಡಿ. ಇದು ಡಾಕ್ಟ್ರು ಕತ್ತರಿ ಕೆಲ್ಸ ಕಣವ್ವಾ. ಕತ್ತಿನ ಬಿಗಿ ಸಡ್ಲ ಮಾಡೋದಷ್ಟೇ ನಂದು. ಪುರುಡಿನ ಮೈಲ್ಗೆ ಕಳೆಯೋಗಂಟ ಮಗ ಒಸ್ಲು ದಾಟ್ಬಾರ್ದು ಅಂತಾರೆ ಬಾಣ್ತಿ ಅತ್ತೆ. ಇಂಗ್ಲೀಷ್ ಓದಿರೋರು, ಅವ್ರಿಗೆ ನೀವೇ ಯೋಳಿ.”

ಅವಳು ಹೇಳಿದ್ದನ್ನೇ ನಾನು ಬಾಣಂತಿಯ ಅತ್ತೆಗೆ ಹೇಳಿದೆ. ಕೂಡಲೇ ಜಟಕಾ ಬಂತು. ಡಾಕ್ಟರು ಕತ್ತರಿ ಆಡಿಸಿದ್ದು ಒಂದೇ ಗಳಿಗೆ. ಮಗು ಅಲ್ಲೇ ಮೊಲೆ ಹಿಡಿಯಿತು.

“ಓದಿದ್ದು ಸಾರ್ಥಕ ಬುಡಿ” ಎಂದು ಅತ್ತೆ ನನ್ನನ್ನು ಹೊಗಳಿದರು. ನಾನೂ ಅಲ್ಲವೆನ್ನಲಿಲ್ಲ. ನಿಂಗವ್ವ ಮಾತ್ರ ನನ್ನತ್ತ ನೋಡಿ ನಕ್ಕಳು.